ಮಾದರಿ ವಿಮಾನಗಳ ಬ್ಯಾಟರಿ ಚಾರ್ಜರ್

ಮಾದರಿ ವಿಮಾನಗಳ ಬ್ಯಾಟರಿ ಚಾರ್ಜರ್ ಎಂಬುದು ಹವ್ಯಾಸಿಗಳು ದೂರನಿಯಂತ್ರಣದಿಂದ ಹಾರಿಸುವ ಚಿಕ್ಕ ವಿಮಾನಗಳ ಬ್ಯಾಟರಿಗೆ ವಿದ್ಯುತ್ತನ್ನು ತುಂಬುವ ಉಪಕರಣ. ವಿದ್ಯುತ್ ಮೋಟಾರಿನಿಂದ ಹಾರುವ ಇಂದಿನ ಬಹುಪಾಲು ಮಾದರಿಗಳಲ್ಲಿ ಲಿಥಿಯಂ ಪಾಲಿಮರ್ ಬ್ಯಾಟರಿ ಬಳಕೆಯಲ್ಲಿದೆ. ಹಗುರವಾಗಿದ್ದು ಹೆಚ್ಚು ಶಕ್ತಿ ನೀಡುವ ಈ ಬ್ಯಾಟರಿಯನ್ನು ಮಿತಿ ಮೀರಿ ತುಂಬಿದರೆ ಅದು ಉಬ್ಬಿ, ಹೊತ್ತಿ ಉರಿಯಬಲ್ಲದು. ಆದುದರಿಂದ ಎಲ್ಲಿ ನಿಲ್ಲಿಸಬೇಕೋ ಅಲ್ಲಿ ತಪ್ಪದೆ ನಿಲ್ಲಿಸುವುದೇ ಚಾರ್ಜರಿನ ವಿಶ್ವಾಸಾರ್ಹತೆಯ ಮೊದಲ ಲಕ್ಷಣ. ಆನ್‌ಲೈನ್ ಖರೀದಿಯಲ್ಲಿ ಈ ಗುಣ ಚಿತ್ರದಿಂದ ತಿಳಿಯುವುದಿಲ್ಲ; ಕೊಳ್ಳುವ ಮೊದಲು ಲೆಕ್ಕದಿಂದ, ಕೊಂಡ ನಂತರ ಅಳತೆಯಿಂದ ಅದನ್ನು ನಿರ್ಣಯಿಸಬೇಕಾಗುತ್ತದೆ.

ಕಾರ್ಯವಿಧಾನ

ಲಿಥಿಯಂ ಪಾಲಿಮರ್ ಕೋಶವೊಂದರ ಸಾಮಾನ್ಯ ವೋಲ್ಟೇಜ್ 3.7. ಪೂರ್ಣವಾಗಿ ತುಂಬಿದಾಗ ಅದು 4.2 ವೋಲ್ಟ್ ಆಗಿರುತ್ತದೆ, 3.0 ವೋಲ್ಟಿಗಿಂತ ಕೆಳಗಿಳಿದರೆ ಕೋಶ ಕೆಡುತ್ತದೆ. ಮೂರು ಕೋಶಗಳನ್ನು ಸರಣಿಯಲ್ಲಿ ಜೋಡಿಸಿದ ಬ್ಯಾಟರಿಯನ್ನು 3ಎಸ್ ಎಂದು ಕರೆಯುತ್ತಾರೆ. ಅದರ ಸಾಮಾನ್ಯ ವೋಲ್ಟೇಜ್ 11.1, ತುಂಬಿದಾಗ 12.6. ಚಾರ್ಜರ್ ಮೊದಲು ಸ್ಥಿರ ಪ್ರಮಾಣದ ವಿದ್ಯುತ್ ಪ್ರವಾಹವನ್ನು ಹರಿಸುತ್ತದೆ. ವೋಲ್ಟೇಜ್ ಗರಿಷ್ಠ ಮಿತಿಯನ್ನು ಮುಟ್ಟಿದ ಬಳಿಕ ಅದನ್ನು ಅಲ್ಲಿಯೇ ಹಿಡಿದಿಟ್ಟು ಪ್ರವಾಹವನ್ನು ಕ್ರಮೇಣ ಇಳಿಸಿ, ಕೊನೆಗೆ ನಿಲ್ಲಿಸುತ್ತದೆ.

ಒಟ್ಟು ವೋಲ್ಟೇಜನ್ನು ಮಾತ್ರ ಅಳೆಯುವುದು ಸಾಲದು. ಮೂರು ಕೋಶಗಳು ಕ್ರಮವಾಗಿ 4.1, 4.2 ಮತ್ತು 4.3 ವೋಲ್ಟ್ ಇದ್ದರೂ ಮೊತ್ತ 12.6 ಆಗಿಯೇ ತೋರುತ್ತದೆ. ಆದರೆ ಮೂರನೆಯ ಕೋಶ ಆಗಲೇ ಅಪಾಯದಲ್ಲಿರುತ್ತದೆ. ಇದನ್ನು ತಪ್ಪಿಸಲು ಪ್ರತಿಯೊಂದು ಕೋಶವನ್ನೂ ಬೇರೆಬೇರೆಯಾಗಿ ಅಳೆದು ಸರಿದೂಗಿಸುವ ಬ್ಯಾಲೆನ್ಸ್ ಚಾರ್ಜರ್ ಅವಶ್ಯಕ. ಮೂರು ಕೋಶಗಳ ಬ್ಯಾಟರಿಯಿಂದ ಹೊರಬರುವ ನಾಲ್ಕು ಸಣ್ಣ ತಂತಿಗಳ ಕನೆಕ್ಟರ್ ಈ ಉದ್ದೇಶಕ್ಕಾಗಿಯೇ ಇದೆ. ಬಹಳ ದಿನ ಹಾರಿಸದೆ ಇಡುವಾಗ ಕೋಶಗಳನ್ನು ಸುಮಾರು 3.8 ವೋಲ್ಟಿನಲ್ಲಿ ನಿಲ್ಲಿಸುವ ಸ್ಟೋರೇಜ್ ಸೌಲಭ್ಯವೂ ಉತ್ತಮ ಚಾರ್ಜರುಗಳಲ್ಲಿರುತ್ತದೆ.

ಸಾಮರ್ಥ್ಯದ ಲೆಕ್ಕ

ಬ್ಯಾಟರಿಯ ತಯಾರಕರು ಬೇರೆ ಸೂಚನೆ ನೀಡದಿದ್ದಲ್ಲಿ ಅದರ ಧಾರಣಶಕ್ತಿಗೆ ಸಮನಾದ ಪ್ರವಾಹದಲ್ಲಿ, ಅಂದರೆ 1ಸಿ ದರದಲ್ಲಿ ತುಂಬುವುದು ರೂಢಿ. 2200 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಗೆ ಇದು 2.2 ಆಂಪಿಯರ್. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ದೊರೆಯುತ್ತದೆ. 3ಎಸ್ ಬ್ಯಾಟರಿಗೆ 12.6 × 2.2, ಅಂದರೆ ಸುಮಾರು 28 ವ್ಯಾಟ್ ಸಾಕು. ಆದರೆ ಆರು ಕೋಶಗಳ 5000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಗೆ 25.2 × 5, ಅಂದರೆ 126 ವ್ಯಾಟ್ ಬೇಕಾಗುತ್ತದೆ.

ಜಾಹೀರಾತಿನಲ್ಲಿ 50 ವ್ಯಾಟ್, 5 ಆಂಪಿಯರ್, 6 ಕೋಶ ಎಂದು ಒಟ್ಟಿಗೆ ಬರೆದಿರುವುದುಂಟು. ಇವು ಬಿಡಿಬಿಡಿಯಾಗಿ ನಿಜವಾಗಿದ್ದರೂ ಏಕಕಾಲದಲ್ಲಿ ಸಾಧ್ಯವಲ್ಲ. ಆರು ಕೋಶಗಳು ತುಂಬುತ್ತ ಬಂದಾಗ 50 ವ್ಯಾಟಿನ ಚಾರ್ಜರ್ ಸುಮಾರು 2 ಆಂಪಿಯರನ್ನಷ್ಟೇ ನೀಡಬಲ್ಲದು. ಕೆಲವು ಚಾರ್ಜರುಗಳನ್ನು 230 ವೋಲ್ಟಿನ ಗೃಹವಿದ್ಯುತ್ತಿಗೆ ನೇರವಾಗಿ ಜೋಡಿಸಬಹುದು. ಏಕಮುಖ ವಿದ್ಯುತ್ತನ್ನು ಮಾತ್ರ ಸ್ವೀಕರಿಸುವಂಥವಕ್ಕೆ ಪ್ರತ್ಯೇಕ ಪವರ್ ಸಪ್ಲೈ ಬೇಕಾಗುವುದರಿಂದ ಅದರ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಕಲಿ ಉಪಕರಣಗಳು

ಜನಪ್ರಿಯ ಚಾರ್ಜರುಗಳಿಗೆ ನಕಲುಗಳ ಕಾಟ ಹೆಚ್ಚು. ಚೀನಾದ ಸ್ಕೈಆರ್‌ಸಿ ಸಂಸ್ಥೆಯ ಐಮ್ಯಾಕ್ಸ್ ಬಿ6 ಇದಕ್ಕೆ ಪ್ರಸಿದ್ಧ ಉದಾಹರಣೆ. ಹೊರಗಿನ ಪೆಟ್ಟಿಗೆ, ಪರದೆ, ಗುಂಡಿಗಳು ಒಂದೇ ರೀತಿ ಇದ್ದರೂ ಒಳಗಿನ ವೋಲ್ಟೇಜ್ ಅಳತೆಯ ನಿಖರತೆಗೆ ಖಾತರಿ ಇರುವುದಿಲ್ಲ. ಮೂಲ ತಯಾರಕರ ಜಾಲತಾಣದಲ್ಲಿ ಹೆಸರಿರುವ ಮಾರಾಟಗಾರರಿಂದ ಕೊಳ್ಳುವುದು ಸುರಕ್ಷಿತ.

ಭಾರತದಲ್ಲಿ 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟಗಾರರು ಸರಕಿನ ಒಟ್ಟು ಬೆಲೆ ಮತ್ತು ಮೂಲ ದೇಶವನ್ನು ತಿಳಿಸಬೇಕು; ಸರಕು ದೋಷಪೂರಿತವಾಗಿದ್ದರೆ ಹಿಂಪಡೆಯಲು ನಿರಾಕರಿಸುವಂತಿಲ್ಲ. ಇ-ವಾಣಿಜ್ಯ ಸಂಸ್ಥೆಯ ಕುಂದುಕೊರತೆ ಅಧಿಕಾರಿ ದೂರನ್ನು 48 ಗಂಟೆಗಳೊಳಗೆ ಸ್ವೀಕೃತಿಗೊಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಪರೀಕ್ಷೆ ಮತ್ತು ಸುರಕ್ಷತೆ

ಚಾರ್ಜರ್ ಕೈಸೇರಿದ ನಂತರ ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಪರೀಕ್ಷಿಸುವುದು ಲೇಸು. ಬ್ಯಾಟರಿ ತುಂಬಿದ ಮೇಲೆ ಪ್ರತಿ ಕೋಶವನ್ನು ಉತ್ತಮ ಮಲ್ಟಿಮೀಟರಿನಿಂದ ಅಳೆದು ಚಾರ್ಜರಿನ ಪರದೆಯ ಅಂಕಿಗಳೊಡನೆ ಹೋಲಿಸಬೇಕು. ಪರದೆಯಲ್ಲಿ 4.20 ಎಂದಿದ್ದು ಮೀಟರ್ 4.25 ತೋರಿಸಿದರೆ ಇನ್ನೊಂದು ಮೀಟರಿನಿಂದ ಖಚಿತಪಡಿಸಿಕೊಂಡು, ವ್ಯತ್ಯಾಸ ಉಳಿದಲ್ಲಿ ಆ ಚಾರ್ಜರನ್ನು ಬಳಸದೆ ಹಿಂದಿರುಗಿಸಬೇಕು.

ಚಾರ್ಜರ್ ಎಷ್ಟೇ ಉತ್ತಮವಾಗಿದ್ದರೂ ಬ್ಯಾಟರಿಯ ವಿಧವನ್ನೂ ಕೋಶಗಳ ಸಂಖ್ಯೆಯನ್ನೂ ಪ್ರತಿ ಬಾರಿ ಪರಿಶೀಲಿಸಬೇಕು. ನಿಕಲ್ ಬ್ಯಾಟರಿಯ ಕ್ರಮದಲ್ಲಿ ಲಿಥಿಯಂ ಬ್ಯಾಟರಿಯನ್ನು ತುಂಬುವುದು ಅತ್ಯಂತ ಅಪಾಯಕಾರಿ. ಉಬ್ಬಿದ ಬ್ಯಾಟರಿಯನ್ನು ತುಂಬಬಾರದು. ಹಾರಾಟದಿಂದ ಬಿಸಿಯಾದುದನ್ನು ತಣಿಯಲು ಬಿಡಬೇಕು. ಬೆಂಕಿ ಹತ್ತದ ಕಲ್ಲಿನ ಅಥವಾ ಸಿಮೆಂಟಿನ ನೆಲದ ಮೇಲಿಟ್ಟು, ತುಂಬುವವರೆಗೂ ಹತ್ತಿರದಲ್ಲಿಯೇ ಇದ್ದು ಗಮನಿಸುವುದು ಅಗತ್ಯ.