ಯಮುನೆಯ ಲೆಕ್ಕ: 1978 ಮತ್ತು 2023

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕೆರೆಯಾಗಿ, ಬಂಗಲೆಗಳ ಜನ ಟ್ರ್ಯಾಕ್ಟರ್ ಏರಿ ಹೊರಬಂದಾಗ ದೆಹಲಿಯ ಮಿತ್ರರು ನಮ್ಮನ್ನು ನೋಡಿ ನಕ್ಕರು. ಕೆರೆ ಮುಚ್ಚಿ ಊರು ಕಟ್ಟಿದವರಿಗೆ ಇನ್ನೇನಾದೀತು ಎಂದರು. ನಾವು ಬೆಂಗಳೂರನ್ನು ಬಿಟ್ಟುಕೊಡಲಿಲ್ಲ. ವರ್ಷ ತಿರುಗುವ ಮೊದಲೇ, 2023ರ ಜುಲೈಯಲ್ಲಿ, ಯಮುನೆ ಐ.ಟಿ.ಓ. ಚೌಕದವರೆಗೆ ಬಂದಳು. ಈಗ "ಇದೆಂಥ ರಾಜಧಾನಿಯಪ್ಪಾ ನಿಮ್ಮದು" ಎನ್ನುವ ಸರದಿ ಊರಿನ ನೆಂಟರದು. ಅನ್ನ ಕೊಟ್ಟ ದೆಹಲಿಯನ್ನೂ ನಾವು ಬಿಟ್ಟುಕೊಡುವವರಲ್ಲ. ಆದರೆ ಊರಿನ ಪರ ನಿಲ್ಲುವುದು ಬೇರೆ, ಊರನ್ನಾಳುವವರ ಪರ ನಿಲ್ಲುವುದು ಬೇರೆ.

ಹಳಬರಿಗೆ 1978ರ ನೆರೆ ನೆನಪಿದ್ದೀತು. ಆ ಸೆಪ್ಟೆಂಬರಿನಲ್ಲಿ ಹರ್ಯಾಣದ ತಾಜೇವಾಲಾದಿಂದ ಸುಮಾರು ಏಳು ಲಕ್ಷ ಕ್ಯುಸೆಕ್ಸ್ ನೀರು ಹರಿದು ಬಂತು. ಏರಿಗಳು ಒಡೆದು ಮಾಡೆಲ್ ಟೌನ್, ಮುಖರ್ಜಿ ನಗರದ ಕಡೆಯೆಲ್ಲ ನೀರು ನಿಂತಿತು. ಲೋಹೇ ಕಾ ಪುಲ್ ಎಂದು ಜನ ಕರೆಯುವ ಹಳೆಯ ರೈಲು ಸೇತುವೆಯ ಬಳಿ ನೀರಿನ ಮಟ್ಟ 207.49 ಮೀಟರ್ ಮುಟ್ಟಿತು. ಆ ಮೇಲೆ ಏರಿಗಳನ್ನು ಎತ್ತರಿಸಿದರು. ಊರು ನಿಶ್ಚಿಂತವಾಯಿತು, ಏರಿಯ ಹಿಂದೆ ಮನೆಗಳೆದ್ದವು.

2023ರಲ್ಲಿ, ತಾಜೇವಾಲಾದ ಬದಲಿಗೆ ಬಂದ ಹತ್ನಿಕುಂಡ್ ಬ್ಯಾರೇಜಿನಿಂದ ಹರಿದ ನೀರು ಹೆಚ್ಚೆಂದರೆ ಸುಮಾರು 3.6 ಲಕ್ಷ ಕ್ಯುಸೆಕ್ಸ್. ಎಂದರೆ 1978ರ ಅರ್ಧದಷ್ಟು. ಆದರೂ ಜುಲೈ 13ರಂದು ಅದೇ ಸೇತುವೆಯ ಬಳಿ ಮಟ್ಟ 208.66 ಮೀಟರ್! ನೀರು ಅರ್ಧ, ಏರಿಕೆ ಮೂರೂಮುಕ್ಕಾಲು ಅಡಿ ಹೆಚ್ಚು. ಪಾತ್ರೆ ಕಿರಿದಾಗದೆ ಹೀಗಾಗುವುದು ಹೇಗೆ? ಇದಕ್ಕೆ ಬಿ.ಎಸ್‌ಸಿ. ಓದಿರಬೇಕೆಂದೇನೂ ಇಲ್ಲ.

ಆದರೆ ಚರ್ಚೆ ನಡೆದದ್ದು ಬೇರೆಯೇ. ಹರ್ಯಾಣ ಬೇಕೆಂದೇ ದೆಹಲಿಯ ಕಡೆಗೆ ನೀರು ಬಿಟ್ಟಿತು ಎಂದು ದೆಹಲಿ ಸರ್ಕಾರ ದೂರಿತು. ಹತ್ನಿಕುಂಡ್ ನೀರು ಹಿಡಿದಿಡುವ ಜಲಾಶಯವಲ್ಲ. ಪ್ರವಾಹ ಒಂದು ಲಕ್ಷ ಕ್ಯುಸೆಕ್ಸ್ ಮೀರಿದರೆ ಬಂಡೆ, ಹೂಳು ನುಗ್ಗದಂತೆ ಕಾಲುವೆಗಳ ಬಾಗಿಲು ಮುಚ್ಚಲೇಬೇಕು ಎಂದು ಉತ್ತರ ಬಂತು. ಈ ಉತ್ತರ ನಮಗೆ ಸರಿಯೆನಿಸಿತು. ಐ.ಟಿ.ಓ. ಬ್ಯಾರೇಜಿನದು ಹಾಗಲ್ಲ. ಅದರ 32 ಬಾಗಿಲುಗಳಲ್ಲಿ ಐದು ಹೂಳಿನಲ್ಲಿ ಸಿಕ್ಕಿ ತೆರೆಯಲೇ ಇಲ್ಲ, ಸೈನ್ಯದವರು ಬರಬೇಕಾಯಿತು. ಬ್ಯಾರೇಜಿರುವುದು ದೆಹಲಿಯಲ್ಲಿ, ಆಗ ಅದರ ಉಸ್ತುವಾರಿ ಹರ್ಯಾಣದ್ದಾಗಿತ್ತು. ಎರಡು ಇಲಾಖೆಗಳ ನಡುವೆ ಅಲೆಯುವ ಕಡತದ ಗತಿ ನಮ್ಮಂಥ ಗುಮಾಸ್ತರಿಗೆ ಹೊಸತೇನಲ್ಲ. ಇಂದ್ರಪ್ರಸ್ಥದ ಬಳಿ ಚರಂಡಿಯ ತೂಬು ಕಿತ್ತುಹೋಗಿ ನದಿಯೇ ಊರೊಳಗೆ ಹಿಮ್ಮುಖವಾಗಿ ಹರಿಯಿತು. ವಜೀರಾಬಾದ್, ಚಂದ್ರಾವಲ್, ಓಖ್ಲಾ ಶುದ್ಧೀಕರಣ ಘಟಕಗಳು ನಿಂತು, ನೆರೆಯ ನಡುವೆಯೇ ಕುಡಿಯುವ ನೀರಿಗೆ ಬರ ಬಂತು.

ಯಾರೂ ಕೂಗಿ ಕೇಳದ ಪ್ರಶ್ನೆ ನದಿಯ ಜಾಗದ್ದು. ಶಹಜಹಾನನ ಕಾಲದಲ್ಲಿ ಕೆಂಪುಕೋಟೆಯ ಗೋಡೆಗೆ ಯಮುನೆ ತಾಗಿಕೊಂಡು ಹರಿಯುತ್ತಿದ್ದಳು. ಅಲ್ಲೀಗ ರಿಂಗ್ ರಸ್ತೆ. 2023ರಲ್ಲಿ ನೀರು ಮತ್ತೆ ಕೋಟೆಗೋಡೆಯ ಬಳಿ ಬಂದಾಗ ಪತ್ರಿಕೆಗಳು ಬೆರಗಿನಿಂದ ಚಿತ್ರ ಛಾಪಿಸಿದವು. ವಜೀರಾಬಾದಿನಿಂದ ಓಖ್ಲಾಕ್ಕೆ 22 ಕಿಲೋಮೀಟರ್. ಅಷ್ಟರೊಳಗೆ ಸೇತುವೆಯ ಮೇಲೆ ಸೇತುವೆ, ದಡದಲ್ಲಿ ಮೆಟ್ರೋ ಡಿಪೋ, 2010ರ ಕ್ರೀಡಾಗ್ರಾಮ. ಗುಡಿಸಲಿನವರನ್ನು ಒತ್ತುವರಿದಾರರೆನ್ನುವ ಸರ್ಕಾರ ತನ್ನ ಕಟ್ಟಡಗಳಿಗೆ ಯಾವ ಹೆಸರಿಟ್ಟಿದೆಯೋ!

ಮುಳುಗಿದವರಲ್ಲಿ ಮೊದಲಿಗರು ನದೀಬಯಲಿನಲ್ಲಿ ತರಕಾರಿ ಬೆಳೆಯುವ ರೈತರು. ಮಯೂರ ವಿಹಾರದ ರಸ್ತೆಬದಿಯ ಡೇರೆಗಳಲ್ಲಿ ಅವರು ಎಮ್ಮೆ ಮಕ್ಕಳೊಡನೆ ದಿನ ಕಳೆದರು. 2025ರ ಸೆಪ್ಟೆಂಬರಿನಲ್ಲಿ ನೀರು ಮತ್ತೆ 207 ಮೀಟರ್ ದಾಟಿತು, ಅದೇ ರಸ್ತೆಬದಿಯಲ್ಲಿ ಮತ್ತೆ ಡೇರೆಗಳೆದ್ದವು.