ಅಮೆರಿಕದ ಸ್ವಾತಂತ್ರ್ಯ ಸಮರ: ಯಾರ ವಿಮೋಚನೆ, ಎಷ್ಟು ವಿಮೋಚನೆ?

ಶ್ರೀರಂಗಪಟ್ಟಣದ ಕೋಟೆಯನ್ನು ತೋರಿಸುವಾಗ ನಾವು ನಮ್ಮ ಮಕ್ಕಳಿಗೆ ಕಾರ್ನ್‌ವಾಲಿಸನ ಹೆಸರನ್ನು ತಪ್ಪದೆ ಹೇಳುತ್ತೇವೆ. 1792ರಲ್ಲಿ ಟಿಪ್ಪು ಸುಲ್ತಾನರ ಅರ್ಧ ರಾಜ್ಯವನ್ನು ಕಸಿದುಕೊಂಡು, ಅವರ ಇಬ್ಬರು ಎಳೆಯ ಪುತ್ರರನ್ನು ಒತ್ತೆಯಾಳುಗಳಾಗಿ ಕೊಂಡೊಯ್ದ ಸೇನಾಪತಿ ಅವನು. ಆದರೆ ಇದಕ್ಕೆ ಸುಮಾರು ಹತ್ತು ವರ್ಷಗಳ ಮುನ್ನ ಇದೇ ಕಾರ್ನ್‌ವಾಲಿಸ್ ಭೂಮಿಯ ಮತ್ತೊಂದು ಮಗ್ಗುಲಲ್ಲಿ ತನ್ನ ಸೈನ್ಯದೊಡನೆ ಶತ್ರುಗಳಿಗೆ ಶರಣಾಗಿದ್ದನೆಂಬುದನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಅಲ್ಲಿ ಸೋತವನು ಇಲ್ಲಿ ಗೆದ್ದದ್ದು ಹೇಗೆ? ಅವನನ್ನು ಸೋಲಿಸಿದವರು ಯಾರು? ತಾವು ಗೆದ್ದ ಸ್ವಾತಂತ್ರ್ಯವನ್ನು ಅವರು ಯಾರೊಡನೆ ಹಂಚಿಕೊಂಡರು? ಈ ಪ್ರಶ್ನೆಗಳ ಬೆನ್ನು ಹತ್ತಿದರೆ ಇತಿಹಾಸದ ಒಂದು ಅಮೂಲ್ಯ ಪಾಠ ನಮ್ಮೆದುರು ತೆರೆದುಕೊಳ್ಳುತ್ತದೆ.

ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ಉತ್ತರ ಅಮೆರಿಕದ ಪೂರ್ವ ಕರಾವಳಿಯುದ್ದಕ್ಕೂ ಬ್ರಿಟನ್ನಿನ ಹದಿಮೂರು ವಸಾಹತುಗಳಿದ್ದವು. 1763ರಲ್ಲಿ ಮುಗಿದ ಏಳು ವರ್ಷಗಳ ಯುದ್ಧದಲ್ಲಿ ಬ್ರಿಟನ್ ಫ್ರಾನ್ಸನ್ನು ಸೋಲಿಸಿತಾದರೂ ಅದರ ಸಾಲದ ಹೊರೆ ಬಹುತೇಕ ಇಮ್ಮಡಿಯಾಗಿತ್ತು. ಆ ಹೊರೆಯ ಒಂದು ಪಾಲನ್ನು ವಸಾಹತಿನ ಜನರ ಹೆಗಲಿಗೇರಿಸಲು ಲಂಡನ್ನಿನ ಸಂಸತ್ತು ನಿರ್ಧರಿಸಿತು. 1765ರಲ್ಲಿ ಪತ್ರಿಕೆ, ಕರಾರುಪತ್ರ, ನ್ಯಾಯಾಲಯದ ಕಾಗದಗಳೆಲ್ಲಕ್ಕೂ ಮುದ್ರಾಂಕ ತೆರಿಗೆ ಬಂತು. ಪ್ರತಿಭಟನೆಯ ಬಿಸಿಗೆ ಮರುವರ್ಷವೇ ಅದನ್ನು ಹಿಂಪಡೆಯಬೇಕಾಯಿತು. 1767ರಲ್ಲಿ ಗಾಜು, ಸೀಸ, ಬಣ್ಣ, ಕಾಗದ ಮತ್ತು ಚಹಾದ ಮೇಲೆ ಹೊಸ ಸುಂಕಗಳು ಬಂದವು. ಜನರ ಆಕ್ಷೇಪ ತೆರಿಗೆಯ ಮೊತ್ತಕ್ಕಿಂತ ಅದನ್ನು ಹೇರುವ ಹಕ್ಕಿನ ಕುರಿತಾಗಿತ್ತು. ತಮ್ಮ ಒಬ್ಬ ಪ್ರತಿನಿಧಿಯೂ ಇಲ್ಲದ ಸಭೆಯೊಂದು ತಮ್ಮ ದುಡಿಮೆಗೆ ಕೈಹಾಕುವುದು ಯಾವ ನ್ಯಾಯವೆಂದು ಅವರು ಕೇಳಿದರು.

ಇಲ್ಲಿ ಭಾರತದ ನೆರಳೂ ಬೀಳುತ್ತದೆ. ಬಂಗಾಳವನ್ನು ಹಿಂಡಿ ಹಿಪ್ಪೆ ಮಾಡಿದ್ದ ಈಸ್ಟ್ ಇಂಡಿಯಾ ಕಂಪೆನಿಯು, ಲಕ್ಷಾಂತರ ಜನರನ್ನು ಬಲಿಪಡೆದ 1770ರ ಭೀಕರ ಕ್ಷಾಮದ ಬಳಿಕ, ತಾನೇ ದಿವಾಳಿಯ ಅಂಚಿಗೆ ಬಂದು ನಿಂತಿತ್ತು. ಚೀನಾದಿಂದ ತಂದ ಚಹಾ ಅದರ ಉಗ್ರಾಣಗಳಲ್ಲಿ ಕೊಳೆಯುತ್ತಿತ್ತು. ಆ ಚಹಾವನ್ನು ಅಮೆರಿಕದಲ್ಲಿ ಅಗ್ಗದ ದರಕ್ಕೆ ಮಾರಲು 1773ರಲ್ಲಿ ಸಂಸತ್ತು ಕಂಪೆನಿಗೆ ವಿಶೇಷ ಸವಲತ್ತು ನೀಡಿತು. ಬೆಲೆ ಇಳಿದರೂ ಸುಂಕ ಉಳಿದಿತ್ತು. ಅಗ್ಗದ ಚಹಾ ಕುಡಿದರೆ ಆ ಸುಂಕವನ್ನು ಒಪ್ಪಿಕೊಂಡಂತೆ ಎಂದು ಅರಿತ ಬಾಸ್ಟನ್ನಿನ ಜನರು ಅದೇ ವರ್ಷ ಡಿಸೆಂಬರ್ 16ರ ರಾತ್ರಿ ಹಡಗುಗಳನ್ನೇರಿ 342 ಪೆಟ್ಟಿಗೆ ಚಹಾವನ್ನು ಬಂದರಿನ ನೀರಿಗೆ ಸುರಿದರು. ಸಾಮ್ರಾಜ್ಯವು ಆ ಬಂದರನ್ನೇ ಮುಚ್ಚಿ ಸೇಡು ತೀರಿಸಿಕೊಂಡಿತು.

ಆಗ ನಡೆದದ್ದು ಗಮನಾರ್ಹ. ಈ ವಸಾಹತುಗಳು ಅಲ್ಲಿಯತನಕ ಪರಸ್ಪರ ಮತ್ಸರದಿಂದಲೇ ಬದುಕುತ್ತಿದ್ದವು. ಅವುಗಳ ಪಂಥಗಳು ಬೇರೆ, ವ್ಯಾಪಾರ ಬೇರೆ, ಗಡಿ ತಕರಾರುಗಳು ಹಲವು. ಆದರೆ ಬಾಸ್ಟನ್ನಿಗೆ ಬಿದ್ದ ಪೆಟ್ಟು ನಾಳೆ ತಮಗೂ ಬೀಳಬಹುದೆಂದು ಮನಗಂಡು 1774ರ ಸೆಪ್ಟೆಂಬರಿನಲ್ಲಿ ಹನ್ನೆರಡು ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯದಲ್ಲಿ ಕಲೆತರು. ಹದಿಮೂರನೆಯದಾದ ಜಾರ್ಜಿಯ ಮರುವರ್ಷ ಸೇರಿಕೊಂಡಿತು. ‘ನಾನು’ ಎನ್ನುತ್ತಿದ್ದವರು ‘ನಾವು’ ಎನ್ನಲು ಕಲಿತರು. ಸಾಮ್ರಾಜ್ಯದ ಮೊದಲ ಸೋಲು ಇದೇ ಎಂದು ನಾವು ಭಾವಿಸುತ್ತೇವೆ.

1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್‌ಗಳಲ್ಲಿ ಗುಂಡುಗಳು ಹಾರಿದವು. ಜಾರ್ಜ್ ವಾಷಿಂಗ್ಟನ್ ಸೇನಾಧಿಪತಿಯಾದರು. 1776ರ ಜುಲೈ 4ರಂದು ಸ್ವಾತಂತ್ರ್ಯ ಘೋಷಣೆ ಹೊರಬಿತ್ತು. ಆದರೆ ಘೋಷಣೆ ಸುಲಭ, ಯುದ್ಧ ಕಠಿಣ. ಅದೇ ವರ್ಷ ನ್ಯೂಯಾರ್ಕ್ ಬ್ರಿಟಿಷರ ವಶವಾಯಿತು. 1777ರ ಚಳಿಗಾಲದಲ್ಲಿ ವ್ಯಾಲಿ ಫೋರ್ಜ್ ಶಿಬಿರದಲ್ಲಿ ಬಟ್ಟೆಯಿಲ್ಲದೆ, ಅನ್ನವಿಲ್ಲದೆ, ರೋಗಕ್ಕೆ ತುತ್ತಾಗಿ ಸುಮಾರು ಎರಡು ಸಾವಿರ ಸೈನಿಕರು ಪ್ರಾಣ ಬಿಟ್ಟರು. ವಾಷಿಂಗ್ಟನ್ನರ ದೊಡ್ಡ ಗುಣವೆಂದರೆ ಸೋಲುಗಳ ನಡುವೆಯೂ ಸೈನ್ಯ ಚದುರದಂತೆ ಹಿಡಿದಿಟ್ಟುಕೊಂಡದ್ದು. ಮೂರು ಸಾವಿರ ಮೈಲಿ ದೂರದಿಂದ ಸಾಗರ ದಾಟಿ ಸೈನಿಕರನ್ನೂ ಸಾಮಗ್ರಿಯನ್ನೂ ತರಬೇಕಾದ ಶತ್ರುವಿಗೆ ಪ್ರತಿ ದಿನವೂ ದುಬಾರಿಯೆಂಬುದನ್ನು ಅವರು ಬಲ್ಲವರಾಗಿದ್ದರು.

1777ರ ಅಕ್ಟೋಬರಿನಲ್ಲಿ ಸಾರಟೋಗದಲ್ಲಿ ಬ್ರಿಟಿಷ್ ಸೈನ್ಯವೊಂದು ಶರಣಾದಾಗ ಜಗತ್ತು ಕಣ್ಣರಳಿಸಿ ನೋಡಿತು. ಆ ಡಿಸೆಂಬರಿನಲ್ಲಿ ಮೊರೊಕ್ಕೊದ ಸುಲ್ತಾನ್ ಮುಹಮ್ಮದ್ ಬಿನ್ ಅಬ್ದುಲ್ಲಾ ಅವರು ತಮ್ಮ ಬಂದರುಗಳು ಅಮೆರಿಕದ ಹಡಗುಗಳಿಗೂ ತೆರೆದಿವೆ ಎಂದು ಸಾರಿದರು. ಈ ಹೊಸ ರಾಷ್ಟ್ರವನ್ನು ಎಲ್ಲರಿಗಿಂತ ಮೊದಲು ಮಾನ್ಯ ಮಾಡಿದವರಲ್ಲಿ ಒಬ್ಬ ಮುಸ್ಲಿಂ ದೊರೆಯಿದ್ದರೆಂಬುದು ನಮ್ಮ ಮನೆಗಳಲ್ಲಿ ತಿಳಿದಿರಬೇಕಾದ ಸಂಗತಿ. 1778ರ ಫೆಬ್ರವರಿಯಲ್ಲಿ ಫ್ರಾನ್ಸ್ ಮೈತ್ರಿ ಒಪ್ಪಂದಕ್ಕೆ ಸಹಿ ಹಾಕಿತು. ಮುಂದೆ ಸ್ಪೇನ್ ಮತ್ತು ಹಾಲೆಂಡ್ ಕೂಡ ಬ್ರಿಟನ್ನಿನ ವಿರುದ್ಧ ಕಣಕ್ಕಿಳಿದವು.

ಯುದ್ಧದ ಕಿಡಿ ನಮ್ಮ ನಾಡಿಗೂ ಹಾರಿತು. ಫ್ರೆಂಚರ ಮೇಲಿನ ದ್ವೇಷದಿಂದ ಬ್ರಿಟಿಷರು 1779ರಲ್ಲಿ ಮಾಹೆಯನ್ನು ಹಿಡಿದರು. ಹೈದರ್ ಅಲಿಯವರಿಗೆ ಆಯುಧಗಳು ಬರುತ್ತಿದ್ದ ಬಂದರು ಅದು. 1780ರಲ್ಲಿ ಅವರು ಕರ್ನಾಟಿಕ್ ಪ್ರಾಂತ್ಯಕ್ಕೆ ನುಗ್ಗಿ, ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನ ಬಯಲಿನಲ್ಲಿ ಕರ್ನಲ್ ಬೈಲಿಯ ಸೈನ್ಯವನ್ನು ನುಚ್ಚುನೂರು ಮಾಡಿದರು. ಈ ಕೀರ್ತಿ ಸಾಗರ ದಾಟಿತು. 1782ರ ಏಪ್ರಿಲಿನಲ್ಲಿ ಡೆಲಾವೇರ್ ಕೊಲ್ಲಿಯಲ್ಲಿ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಯುದ್ಧನೌಕೆಯನ್ನು ಸೆರೆಹಿಡಿದ ಪೆನ್ಸಿಲ್ವೇನಿಯದ ಹಡಗಿನ ಹೆಸರು ‘ಹೈದರ್ ಅಲಿ’! ತಮ್ಮ ಶತ್ರುವನ್ನು ದೂರದೇಶದಲ್ಲಿ ನಡುಗಿಸುತ್ತಿದ್ದ ವೀರನನ್ನು ಅವರು ತಮ್ಮವನೆಂದೇ ಬಗೆದಿದ್ದರು.

ಅದಾಗಲೇ ನಿರ್ಣಾಯಕ ಘಳಿಗೆ ಕಳೆದಿತ್ತು. ವರ್ಜೀನಿಯದ ಯಾರ್ಕ್‌ಟೌನಿನಲ್ಲಿ ಬೀಡುಬಿಟ್ಟಿದ್ದ ಕಾರ್ನ್‌ವಾಲಿಸನಿಗೆ ಸಮುದ್ರದ ದಾರಿಯನ್ನು ಫ್ರೆಂಚ್ ನೌಕಾಪಡೆಯೂ ನೆಲದ ದಾರಿಯನ್ನು ಅಮೆರಿಕ ಮತ್ತು ಫ್ರಾನ್ಸಿನ ಜಂಟಿ ಸೈನ್ಯವೂ ಕಡಿದುಹಾಕಿದವು. 1781ರ ಅಕ್ಟೋಬರ್ 19ರಂದು ಅವನ ಸೈನ್ಯ ಶಸ್ತ್ರ ಕೆಳಗಿಟ್ಟಿತು. ಅಸ್ವಸ್ಥನೆಂದು ಹೇಳಿಕೊಂಡ ಕಾರ್ನ್‌ವಾಲಿಸ್ ಖಡ್ಗ ಒಪ್ಪಿಸಲು ತನ್ನ ಸಹಾಯಕನನ್ನು ಕಳುಹಿಸಿದ. 1783ರ ಪ್ಯಾರಿಸ್ ಒಪ್ಪಂದದಲ್ಲಿ ಬ್ರಿಟನ್ ಅಮೆರಿಕದ ಸ್ವಾತಂತ್ರ್ಯವನ್ನು ಒಪ್ಪಿಕೊಂಡಿತು.

ಯುರೋಪಿನ ಅದೇ ಶಾಂತಿ ಮೈಸೂರನ್ನು ಒಂಟಿಯಾಗಿಸಿತು. ಹೈದರ್ ಅಲಿ 1782ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು. ಟಿಪ್ಪು ಸುಲ್ತಾನರು ಮಂಗಳೂರಿನ ಕೋಟೆಯನ್ನು ಮುತ್ತಿದ್ದಾಗ, ಶಾಂತಿಯ ಸುದ್ದಿ ಮುಟ್ಟಿದೊಡನೆ ಫ್ರೆಂಚ್ ತುಕಡಿ ಕೈಬಿಟ್ಟು ಹೊರಟಿತು. ಆದರೂ 1784ರ ಮಂಗಳೂರು ಒಪ್ಪಂದದಲ್ಲಿ ಸುಲ್ತಾನರು ಸರಿಸಮಾನರಾಗಿಯೇ ಕುಳಿತರು. ಎರಡೇ ವರ್ಷಗಳಲ್ಲಿ ಕಾರ್ನ್‌ವಾಲಿಸ್ ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದಿಳಿದ. ಒಂದಾದ ಜನರನ್ನೂ ಅವರ ಮಿತ್ರರನ್ನೂ ಏಕಕಾಲಕ್ಕೆ ಎದುರಿಸಿದರೆ ಏನಾಗುವುದೆಂಬುದನ್ನು ಅವನು ಸ್ವತಃ ಅನುಭವಿಸಿದ್ದ. 1790ರಲ್ಲಿ ಆರಂಭವಾದ ಯುದ್ಧದಲ್ಲಿ ಮರಾಠರೂ ಹೈದರಾಬಾದಿನ ನಿಜಾಮರೂ ಅವನ ಪಾಳೆಯದಲ್ಲಿದ್ದರು. ಅಲ್ಲಿ ಹದಿಮೂರು ನೆರೆಹೊರೆಯವರು ಸಾಮ್ರಾಜ್ಯದ ವಿರುದ್ಧ ಒಂದಾಗಿದ್ದರು. ಇಲ್ಲಿ ನೆರೆಹೊರೆಯವರೇ ಸಾಮ್ರಾಜ್ಯದೊಡನೆ ಒಂದಾದರು. ಯಾರ್ಕ್‌ಟೌನಿಗೂ ಶ್ರೀರಂಗಪಟ್ಟಣಕ್ಕೂ ಇರುವ ಅಂತರ ಬಹುಮಟ್ಟಿಗೆ ಇದೇ.

ಹಾಗಾದರೆ ಅಮೆರಿಕದ ಆ ‘ನಾವು’ ಪರಿಪೂರ್ಣವಾಗಿತ್ತೇ? ಖಂಡಿತ ಇಲ್ಲ. ಮನುಷ್ಯರೆಲ್ಲ ಸಮಾನರೆಂದು ಘೋಷಣೆಯಲ್ಲಿ ಬರೆದ ಥಾಮಸ್ ಜೆಫರ್ಸನ್ ತಮ್ಮ ಜೀವಿತಾವಧಿಯಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರ ಒಡೆಯರಾಗಿದ್ದರು. ಅಂಥ ಗುಲಾಮರಲ್ಲಿ ಆಫ್ರಿಕದಿಂದ ಸೆರೆತಂದ ಮುಸ್ಲಿಮರೂ ಇದ್ದರು. 1752ರಲ್ಲಿ ಮೇರಿಲ್ಯಾಂಡಿಗೆ ತರಲ್ಪಟ್ಟ ಯಾರೋ ಮಾಮೂತ್ ಅವರಲ್ಲೊಬ್ಬರು. ಅವರ ಸುತ್ತ ಇಡೀ ಸ್ವಾತಂತ್ರ್ಯ ಸಮರ ನಡೆದು ಮುಗಿಯಿತು. ಅವರಿಗೆ ಬಿಡುಗಡೆ ಸಿಕ್ಕಿದ್ದು 1796ರಲ್ಲಿ, ನಲವತ್ತನಾಲ್ಕು ವರ್ಷಗಳ ದಾಸ್ಯದ ಬಳಿಕ.

ವಾಷಿಂಗ್ಟನ್ 1777ರಲ್ಲಿ ತಮ್ಮ ಸೈನಿಕರಿಗೆಲ್ಲ ಸಿಡುಬು ತಡೆಯುವ ಚಿಕಿತ್ಸೆ ಮಾಡಿಸಿ ಸೈನ್ಯವನ್ನು ಉಳಿಸಿದರು. ಆ ವಿಧಾನ ಆಫ್ರಿಕದಲ್ಲಿ ರೂಢಿಯಲ್ಲಿರುವುದನ್ನು ದಶಕಗಳ ಹಿಂದೆ ಬಾಸ್ಟನ್ನಿನ ಪಾದ್ರಿಯೊಬ್ಬರಿಗೆ ತಿಳಿಸಿದವನು ಒನೆಸಿಮಸ್ ಎಂಬ ಗುಲಾಮ. ಅವನ ಅರಿವು ಬೇಕಾಗಿತ್ತು, ಅವನಂಥವರ ಸ್ವಾತಂತ್ರ್ಯ ಬೇಕಾಗಿರಲಿಲ್ಲ. ಸಾಮ್ರಾಜ್ಯವೂ ಮೇಲಾಗಿರಲಿಲ್ಲ. ದಂಗೆಕೋರರ ಗುಲಾಮರಿಗೆ ಬಿಡುಗಡೆಯ ಆಸೆ ತೋರಿಸಿ ಅದು ತನ್ನತ್ತ ಸೆಳೆದುಕೊಂಡಿತು. ಯಾರ್ಕ್‌ಟೌನಿನಲ್ಲಿ ಆಹಾರ ಬರಿದಾಗಿ ಸಿಡುಬು ಹರಡಿದಾಗ ಕಾರ್ನ್‌ವಾಲಿಸ್ ಅದೇ ಜನರನ್ನು ಶಿಬಿರದಿಂದ ಹೊರದಬ್ಬಿದ. ಇನ್ನು ಆ ನೆಲದ ಮೂಲನಿವಾಸಿಗಳ ಭೂಮಿಯನ್ನು, ಅವರನ್ನು ಕೇಳದೆಯೇ, ಪ್ಯಾರಿಸ್ ಒಪ್ಪಂದದಲ್ಲಿ ಕೈಬದಲಾಯಿಸಲಾಯಿತು. ದೇಶದಾದ್ಯಂತ ಗುಲಾಮಗಿರಿಯ ನಿಷೇಧಕ್ಕೆ 1865ರ ತನಕ, ಅದೂ ಲಕ್ಷಾಂತರ ಜೀವಗಳನ್ನು ನುಂಗಿದ ಅಂತರ್ಯುದ್ಧದ ತನಕ, ಕಾಯಬೇಕಾಯಿತು.

ಈ ಇತಿಹಾಸವನ್ನು ಮಕ್ಕಳಿಗೆ ಹೇಳುವಾಗ ಎರಡೂ ಮುಖಗಳನ್ನು ಹೇಳೋಣ. ಒಗ್ಗಟ್ಟಿಲ್ಲದಿದ್ದರೆ ಶೌರ್ಯವೂ ಸೋಲುತ್ತದೆ ಎಂಬುದನ್ನು ನಮ್ಮ ಶ್ರೀರಂಗಪಟ್ಟಣ ಕಲಿಸಿದೆ. ತನಗಾಗಿ ಬೇಡಿದ ನ್ಯಾಯವನ್ನು ತನ್ನ ಕೈಕೆಳಗಿನವನಿಗೆ ನಿರಾಕರಿಸಿದರೆ ಗೆಲುವಿನೊಳಗೇ ಮುಂದಿನ ಅನರ್ಥದ ಬೀಜವಿರುತ್ತದೆ ಎಂಬುದನ್ನು ಅಮೆರಿಕ ಕಲಿಸಿದೆ. ಹಕ್ಕಿಗಾಗಿ ನಾವು ದನಿಯೆತ್ತುವ ಪ್ರತಿ ಸಂದರ್ಭದಲ್ಲೂ, ನಮ್ಮ ‘ನಾವು’ ಎಂಬ ಪದದೊಳಗೆ ಯಾರಿದ್ದಾರೆ, ಹೊಸ್ತಿಲಾಚೆ ಯಾರನ್ನು ನಿಲ್ಲಿಸಿದ್ದೇವೆ ಎಂದು ಒಮ್ಮೆ ತಿರುಗಿ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ.