ಮಾಸ್ತರರು ಬಾರದ ದಿನ ಬ್ಯಾಂಡ್ ನುಡಿಸುವವರು ಯಾರು?



ಕಳೆದ ಜನವರಿ 26ರಂದು ನಮ್ಮ ಮಕ್ಕಳು ಓದುವ ಒಂದು ಶಾಲೆಯಲ್ಲಿ ಧ್ವಜವಂದನೆಗೆ ಬರೀ ಡ್ರಮ್ ಬಡಿಯಿತು. ಬ್ಯಾಂಡ್ ಮಾಸ್ತರರು ರಜೆಯಲ್ಲಿದ್ದರು. ವರ್ಷವಿಡೀ ಟ್ರಂಪೆಟ್‌ನ ಕಷ್ಟದ ಭಾಗವನ್ನೆಲ್ಲ ಅವರೇ ನುಡಿಸುತ್ತಿದ್ದರು, ಮಕ್ಕಳು ತಾಳ ಹಾಕಿ ಹೆಜ್ಜೆ ಇಡುತ್ತಿದ್ದರು. ಕೇಳಲು ಚೆನ್ನಾಗಿಯೇ ಇತ್ತು, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ಈಗ ಹೊಸಬರನ್ನು ಹುಡುಕುತ್ತಿದ್ದಾರೆ. ಎಂಥವರು ಬೇಕು ಎಂದು ಪಾಲಕರು ನಮ್ಮ ಗಾಯನ ವೃಂದವನ್ನೂ ಕೇಳಿದರು. ಉತ್ತರ ಹುಡುಕುತ್ತಾ ನಾವು ಹಳೆಯ ಕಥೆಗಳಿಗೆ ಹೋದೆವು.

ಮೊದಲು ಮೈಸೂರು. ನಮ್ಮ ಅಜ್ಜಂದಿರಿಗೆ ಅದು ಪರರಾಜ್ಯ. ಆಗ ಉದಗೀರ, ನಿಲಂಗಾ ನಿಜಾಮರ ಬೀದರ್ ಜಿಲ್ಲೆಗೆ ಸೇರಿದ್ದವು. 1956ರಲ್ಲಿ ರಾಜ್ಯಗಳ ಗಡಿ ಬದಲಾದಾಗ ಇವು ಮುಂಬಯಿ ರಾಜ್ಯಕ್ಕೆ ಹೋದವು. ಆದರೂ ಕನ್ನಡಿಗರ ಬ್ಯಾಂಡ್ ಕಥೆಯನ್ನು ಮೈಸೂರಿನಿಂದಲೇ ಶುರು ಮಾಡಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಪಾಶ್ಚಾತ್ಯ ಬ್ಯಾಂಡನ್ನು ಜರ್ಮನಿಯ ಒಟ್ಟೊ ಸ್ಮಿತ್ ನಡೆಸುತ್ತಿದ್ದರು. ಕರ್ನಾಟಕ ಸಂಗೀತದ ವಾದ್ಯವೃಂದದ ಹೊಣೆ ವೀಣೆ ವೆಂಕಟಗಿರಿಯಪ್ಪನವರದು (1887–1952).

ವೆಂಕಟಗಿರಿಯಪ್ಪನವರ ಕೆಲಸ ಎಷ್ಟು ಕಷ್ಟದ್ದೆಂದು ಸ್ವಲ್ಪ ಯೋಚಿಸಿ. ವೀಣೆಯಲ್ಲಿ ಒಬ್ಬರೇ ಕೂತು ನುಡಿಸುವಾಗ ಒಂದು ಸ್ವರವನ್ನು ಎಷ್ಟು ಬೇಕಾದರೂ ಎಳೆಯಬಹುದು, ಬಾಗಿಸಬಹುದು. ಇಪ್ಪತ್ತು ಮಂದಿ ಕೂತಾಗ ಇಪ್ಪತ್ತು ಬಗೆಯ ಗಮಕ ಬಂದರೆ ಅದು ಸಂತೆ. ಯಾವ ಸ್ವರ ನೇರ ನಿಲ್ಲಬೇಕು, ಯಾವುದನ್ನು ಎಲ್ಲರೂ ಒಟ್ಟಿಗೆ ಬಾಗಿಸಬೇಕು ಎಂದು ನಿರ್ದೇಶಕರು ಮೊದಲೇ ತೀರ್ಮಾನಿಸಬೇಕು. ಅಂದರೆ ತನ್ನ ಬೆರಳಿಗೆ ಬರುವ ಸೊಗಸಿನಲ್ಲಿ ಎಷ್ಟೋ ಭಾಗವನ್ನು ಬಿಟ್ಟುಕೊಡಬೇಕು. ವೆಂಕಟಗಿರಿಯಪ್ಪನವರು ವಾದ್ಯಗಳಿಗೆಂದೇ ನಗ್ಮಾ ಎಂಬ ರಚನೆಗಳನ್ನೂ ಮಾಡಿದರು. ವಿ. ದೊರೆಸ್ವಾಮಿ ಅಯ್ಯಂಗಾರ್ ಅವರ ಶಿಷ್ಯರು. ಅರಮನೆಯ ಆ ಬ್ಯಾಂಡ್ ಪರಂಪರೆ ಇವತ್ತಿಗೂ ಕರ್ನಾಟಕ ಪೊಲೀಸ್ ಬ್ಯಾಂಡ್ ರೂಪದಲ್ಲಿ ದಸರೆಗೆ ನುಡಿಸುತ್ತದೆ.

ಅರಮನೆಯಲ್ಲಿ ಸಂಬಳದ ಕಲಾವಿದರು ಸಿಗುತ್ತಾರೆ, ಶಾಲೆಯಲ್ಲಿ ಸಿಗುವುದು ಮಕ್ಕಳು ಎಂದು ನೀವು ಹೇಳಬಹುದು. ಅದಕ್ಕೆ ಮೈಹರ್ ನೋಡಿ. ಮಧ್ಯಪ್ರದೇಶದ ಈ ಸಣ್ಣ ಸಂಸ್ಥಾನದಲ್ಲಿ 1918ರ ಸುಮಾರಿಗೆ ಸಾಂಕ್ರಾಮಿಕ ರೋಗ ಬಂದು ಅನೇಕ ಮಕ್ಕಳು ಅನಾಥರಾದರು. ಆಸ್ಥಾನದ ಸಂಗೀತಗಾರ ಅಲ್ಲಾವುದ್ದೀನ್ ಖಾನ್ ಆ ಮಕ್ಕಳನ್ನೇ ಕೂಡಿಸಿ ವಾದ್ಯವೃಂದ ಕಟ್ಟಿದರು. ಬಂದೂಕಿನ ನಳಿಗೆಗಳನ್ನು ಸ್ವರಕ್ಕೆ ತಕ್ಕಂತೆ ಕತ್ತರಿಸಿ ನಳತರಂಗ ಎಂಬ ವಾದ್ಯ ಮಾಡಿದರು. (ಭೌತಶಾಸ್ತ್ರ ಓದಿದ ನಮಗೆ ಇದು ಬಹಳ ಹಿಡಿಸಿತು. ನಳಿಗೆ ಗಿಡ್ಡವಾದಷ್ಟೂ ಸ್ವರ ಏರುತ್ತದೆ.) ರವಿಶಂಕರರಂಥ ಶಿಷ್ಯರಿದ್ದ ಗುರು, ಎಷ್ಟೋ ವಾದ್ಯ ಬಲ್ಲವರು. ಅವರ ಸಿಟ್ಟೂ ಪ್ರಸಿದ್ಧ, ಅದನ್ನು ನಾವು ಮೆಚ್ಚುವುದಿಲ್ಲ. ಆದರೆ 1972ರಲ್ಲಿ ಅವರು ತೀರಿಕೊಂಡ ಮೇಲೂ ಮೈಹರ್ ಬ್ಯಾಂಡ್ ನಿಲ್ಲಲಿಲ್ಲ. ಮಾಸ್ತರರನ್ನು ಅಳೆಯಲು ನಮಗೆ ಇದಕ್ಕಿಂತ ಒಳ್ಳೆಯ ಅಳತೆ ಕಾಣಲಿಲ್ಲ.

ನಮ್ಮ ಗಡಿಯಲ್ಲಿ ಇನ್ನೊಂದು ಸಣ್ಣ ತೊಡಕೂ ಇದೆ. ದಕ್ಷಿಣದಿಂದ ಬಂದ ಸಿಸ್ಟರ್ ಕಲಿಸಿದ ಮಕ್ಕಳು 'ರಿ' ಎನ್ನುತ್ತಾರೆ, ಮರಾಠಿ ಶಾಲೆಯಲ್ಲಿ ಹಾರ್ಮೋನಿಯಂ ಕಲಿತವರು 'ರೇ' ಎನ್ನುತ್ತಾರೆ. ಒಬ್ಬರ ಶಂಕರಾಭರಣ ಇನ್ನೊಬ್ಬರಿಗೆ ಬಿಲಾವಲ್, ಟ್ರಂಪೆಟ್‌ಗೆ ಅದೇ ಮೇಜರ್ ಸ್ಕೇಲ್. ಇದನ್ನು ನಗುನಗುತ್ತಾ ಬಿಡಿಸಿ ಹೇಳುವವರು ಬೇಕು. ಚಳಿಯ ಬೆಳಿಗ್ಗೆ ಹಿತ್ತಾಳೆ ವಾದ್ಯದ ಶ್ರುತಿ ಇಳಿದಿರುತ್ತದೆ, ಊದಿ ಬಿಸಿಯಾದ ಮೇಲೆ ಏರುತ್ತದೆ. ಶ್ರುತಿ ತಪ್ಪಿದ ಮಗುವನ್ನು ಬೈಯುವ ಮೊದಲು ಐದು ನಿಮಿಷ ಕಾಯುವವರೂ ಬೇಕು.

ಮುಂದಿನ ಭಾನುವಾರ ಪೂಜೆಯ ನಂತರ ಇಬ್ಬರು ಬರುತ್ತಿದ್ದಾರೆ. ಒಬ್ಬರ ಕೀಬೋರ್ಡ್ ಕೇಳಿದರೆ ಬೆರಗಾಗುತ್ತೀರಿ. ಇನ್ನೊಬ್ಬರು ಅಷ್ಟೇನೂ ನುಡಿಸುವುದಿಲ್ಲ. ಇಬ್ಬರಿಗೂ ಆರಾರು ಮಕ್ಕಳನ್ನು ಕೊಡುತ್ತೇವೆ. ಒಂದು ಗಂಟೆ ಕಲಿಸಿ ಹೊರಗೆ ಬಂದು ನಿಲ್ಲಬೇಕು. ಆಮೇಲೆ ಒಳಗಿನಿಂದ ಏನು ಕೇಳಿಸುತ್ತದೋ ಕೇಳೋಣ. ಪಾಲಕರೂ ಬನ್ನಿ.